ಕಟ್ಟೆಯ ಮೇಲೆ ಕೂರುವವನ ದಂಡ

ಹುಣಸೂರಿನ ಕೋರ್ಟಿನಲ್ಲಿ ನನ್ನ ಹೆಸರು ಕೂಗಿದ್ದು ಮಧ್ಯಾಹ್ನದ ಹೊತ್ತಿಗೆ. ಕುಡಿದು ಸ್ಕೂಟರ್ ಓಡಿಸಿದ್ದು ನಿಜವೇ ಎಂದು ಕೇಳಿದರು, ನಿಜ ಎಂದೆ. ಮೊದಲನೇ ಸಲವೇ ಎಂದರು, ಹೌದು ಎಂದೆ. ದಂಡ ಹೇಳಿದರು. ಕೌಂಟರಿನಲ್ಲಿ ಕಟ್ಟಿ, ರಸೀದಿ ತೆಗೆದುಕೊಂಡು ಹೊರಗೆ ಬಂದಾಗ ಜೊತೆಗೆ ಬಂದಿದ್ದ ಮಗ ಇನ್ನೂ ಟೀ ಕುಡಿದು ಮುಗಿಸಿರಲಿಲ್ಲ. ಅರವತ್ತರ ಹತ್ತಿರ ಬಂದವನ ಮಾನ ಹೋಗಲು ಅಷ್ಟು ಹೊತ್ತು ಸಾಕೆಂದು ನನಗೆ ಗೊತ್ತಿರಲಿಲ್ಲ.

ತಿಂಗಳ ಹಿಂದೆ ಕೆ.ಆರ್. ನಗರದ ಕಡೆ ಬೀಗರ ಊಟಕ್ಕೆ ಹೋಗಿದ್ದೆ. ಬೀಗರ ಊಟವೆಂದರೆ ಬಾಡು ಮಾತ್ರವಲ್ಲ, ಮನೆಯ ಹಿಂದೆ ಗಂಡಸರಿಗೆ ಬೇರೆಯದೂ ಇರುತ್ತದೆ. ಬೇಡವೆಂದರೆ ಬೀಗರಿಗೆ ಬೇಜಾರು. ಅವರಿಗೆ ಬೇಜಾರಾಗದಂತೆ ನಾನು ಚೆನ್ನಾಗಿಯೇ ನೋಡಿಕೊಂಡೆ. ಆಮೇಲೆ ಮಗನ ಆರು ವರ್ಷದ ಮಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೊರಟೆ. ಹುಣಸೂರಿನ ಹತ್ತಿರ ಪೊಲೀಸರು ಮೆಷಿನ್ ಊದಿಸಿದರು. ಗಾಡಿ ಅಲ್ಲೇ ಉಳಿಯಿತು. ಮಗ ಬರುವವರೆಗೂ ಕೂಸು ರಸ್ತೆ ಪಕ್ಕ ನನ್ನ ಪಂಚೆಯ ಅಂಚು ಹಿಡಿದುಕೊಂಡು ನಿಂತಿತ್ತು. ಅಂದಿನಿಂದ ಸೊಸೆ ಅದನ್ನು ನನ್ನ ಜೊತೆ ಅಂಗಡಿಗೂ ಕಳಿಸಲಿಲ್ಲ. ಕೂಸೂ ನನ್ನ ಹತ್ತಿರ ಸುಳಿಯಲಿಲ್ಲ. ದಂಡ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ.

ಬೆಟ್ಟದಪುರದ ಹತ್ತಿರದ ನಮ್ಮೂರಿನಲ್ಲಿ ನಾನು ನ್ಯಾಯ ಹೇಳಲು ಕಟ್ಟೆಯ ಮೇಲೆ ಕೂರುವವನು. ನಮ್ಮಲ್ಲಿ ದುಡ್ಡು ಕಟ್ಟಿದರೆ ಸಾಲದು. ತಪ್ಪು ಮಾಡಿದವನು ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು, ಏನು ಮಾಡಿದೆನೆಂದು ತನ್ನ ಬಾಯಲ್ಲೇ ಹೇಳಿ ಅಡ್ಡಬೀಳಬೇಕು. ಕುಡಿದು ಹೆಂಡತಿಯ ಸಮೇತ ಬೈಕಿನಿಂದ ಬಿದ್ದವನೊಬ್ಬನಿಗೆ ಹಾಗೆ ಮಾಡಿಸಿದ್ದು ನಾನೇ. ಕೇಳಿಸಲಿಲ್ಲವೆಂದು ಎರಡನೇ ಸಲ ಬೇರೆ ಹೇಳಿಸಿದ್ದೆ.

ಕೋರ್ಟಿನಿಂದ ಬಂದ ಸಂಜೆ ಕಟ್ಟೆಗೆ ಹೋಗಿ, ನನಗೂ ನ್ಯಾಯ ಮಾಡಿ ಎಂದೆ. ಕೂತಿದ್ದವರು ನಕ್ಕರು.

“ಕೋರ್ಟ್‌ನಲ್ಲಿ ಕಟ್ಟಾಯ್ತಲ್ಲ, ಬುಡು. ಒಂದ್ ತಪ್ಗೆ ಎಲ್ಡ್ ದಂಡ ಯಾಕ್ಲಾ?” ಎಂದ ನನ್ನ ವಾರಿಗೆಯವನೊಬ್ಬ.

ನನ್ನ ಜನ ನನ್ನನ್ನು ಬಿಟ್ಟುಬಿಟ್ಟರು. ಖುಷಿಯಾಗಬೇಕಿತ್ತು, ನಾಚಿಕೆಯಾಯಿತು. ಬೇರೆ ಯಾರೇ ಆಗಿದ್ದರೂ ನಾವು ಬಿಡುತ್ತಿರಲಿಲ್ಲ.

ಮನೆಗೆ ಬಂದು ಟವೆಲನ್ನು ಸೊಂಟಕ್ಕೆ ಸುತ್ತಿ ಸೊಸೆಯ ಮುಂದೆ ನಿಂತೆ. ಮಾವನಾದವನು ಹಾಗೆ ನಿಲ್ಲುವುದು ನಮ್ಮಲ್ಲಿಲ್ಲ. ಅವಳು ಗಾಬರಿಯಿಂದ ಎದ್ದು ನಿಂತಳು. ಕುಡಿದು ಗಾಡಿ ಓಡಿಸಿದೆ, ತಪ್ಪಾಯಿತು ಎಂದು ಶುರುಮಾಡಿದೆ.

“ನನ್ಗ್ಯಾಕ್ ಯೋಳ್ತೀರಿ ಮಾವ? ಕೂಸ್ಗೆ ಯೋಳಿ,” ಎಂದಳು.

ಕೂಸನ್ನು ಕರೆದೆ. ಕುಡಿದಿದ್ದೆ, ಆ ಸ್ಥಿತಿಯಲ್ಲಿ ನಿನ್ನನ್ನು ಗಾಡಿ ಹತ್ತಿಸಬಾರದಿತ್ತು, ಪೊಲೀಸರು ಹಿಡಿದದ್ದು ಅದಕ್ಕೇ, ತಪ್ಪೆಲ್ಲ ನನ್ನದು ಎಂದೆ. 

“ನಾನು ಇನ್ನೂ ಜೋರಾಗ್ ಓಗು ಅಂದಿದ್ಕಲ್ವಾ ತಾತ, ಪೊಲೀಸ್ನೋರು ಇಡ್ಕಂಡಿದ್ದು?”

ಅಲ್ಲ ಕಣವ್ವ, ತಪ್ಪು ನನ್ನದೇ ಎಂದು ಎರಡನೇ ಸಲ ಹೇಳಿದೆ. ಒಂದು ತಿಂಗಳಿಂದ ಆ ಕೂಸು ನನ್ನ ತಪ್ಪನ್ನು ತನ್ನದೆಂದು ಹೊತ್ತುಕೊಂಡು ತಿರುಗುತ್ತಿತ್ತು.