ಹಳೇ ಪಂಚೆ ಕೇಳುತ್ತಿದ್ದ ಲೋಕೇಶ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ನೋಡಿಕೊಳ್ಳುತ್ತಿದ್ದ ಲೋಕೇಶ ಬಂದ ಕೂಡಲೇ ಹಳೇ ಪಂಚೆ ಕೇಳುತ್ತಿದ್ದ. “ಒಗೆದು ಒಗೆದು ಮೆತ್ತಗಾಗಿರಬೇಕು ಸಾರ್. ಪಾಲಿಯೆಸ್ಟರ್ ಕೊಡಬೇಡಿ, ಅದಕ್ಕೆ ಮಾನ ಮರ್ಯಾದೆ ಇಲ್ಲ.”

ಪಂಚೆಯನ್ನು ಹರಿದು ತುಂಡು ಮಾಡಿಕೊಂಡು ತಾರಸಿಯ ಮೆಷಿನ್ ರೂಮಿಗೆ ಹೋಗುತ್ತಿದ್ದ. ಲಿಫ್ಟನ್ನು ಬಹಳ ನಿಧಾನಕ್ಕೆ ಇಳಿಸುತ್ತ, ಉಕ್ಕಿನ ಹಗ್ಗದ ಸುತ್ತ ಬಟ್ಟೆಯನ್ನು ಸಡಿಲವಾಗಿ ಹಿಡಿದು ನಿಲ್ಲುತ್ತಿದ್ದ. ಹಗ್ಗದಲ್ಲಿ ಕೂದಲಷ್ಟು ತೆಳುವಾದ ತಂತಿಯೊಂದು ತುಂಡಾಗಿದ್ದರೂ ಬಟ್ಟೆಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು. “ಕಣ್ಣಿಗೆ ಕಾಣಲ್ಲ, ಬಟ್ಟೆಗೆ ಗೊತ್ತಾಗುತ್ತೆ” ಎನ್ನುತ್ತ ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದ.

ಒಮ್ಮೆ ಹಾಗೆ ಹಲವು ಗುರುತುಗಳು ಬಿದ್ದವು. ಹೊಸ ಹಗ್ಗ ಬರುವವರೆಗೆ ಲಿಫ್ಟ್ ನಿಲ್ಲಿಸಿದ. ಬಸವೇಶ್ವರನಗರದ ನಮ್ಮ ಬೀದಿಗೆಲ್ಲ ಕೇಳುವಂತೆ ಮೂರನೇ ಮಹಡಿಯವರು ಕೂಗಾಡಿದರು. ಲೋಕೇಶ ಬೀಗದ ಕೈಯನ್ನು ಜೇಬಿಗಿಳಿಸಿ ಹೇಳಿದ: “ಮೆಟ್ಟಿಲಲ್ಲಿ ಇಳೀರಿ ಸಾರ್. ನಾಳೆ ಬಂದು ನನ್ನ ಬೈಯಕ್ಕಾದ್ರೂ ಇರ್ತೀರ.” ಆಗ ನಾನು ಸಂಘದ ಕಾರ್ಯದರ್ಶಿ. ನಾನು ಅವನ ಪರ ನಿಂತೆ ಎಂದು ನೆನಪು. ನಿಂತಿರಬಹುದು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು, ಇಂಥ ಸಾಕ್ಷಿಯನ್ನು ಬೇರೆ ಯಾರಾದರೂ ತಂದಿದ್ದರೆ ಎರಡು ಸಲ ಪ್ರಶ್ನಿಸುತ್ತಿದ್ದೆ.

ಅವನು ಹೊರಡುವ ಸುದ್ದಿ ಹೇಳಿದ್ದು ನೆಲಮಾಳಿಗೆಯಲ್ಲಿ, ಕೈಯ ಗ್ರೀಸ್ ಒರೆಸಿಕೊಳ್ಳುತ್ತ.

“ಸಾರ್, ನೇಪಾಳಕ್ಕೆ ಹೋಗ್ತಿದೀವಿ.”

“ಟೂರಾ?”

“ಇರಕ್ಕೆ.”

ಅಲ್ಲೊಂದು ಬೆಟ್ಟಕ್ಕೆ ಕೇಬಲ್ ಕಾರ್ ಇದೆಯಂತೆ. ಕಣಿವೆಯ ಮೇಲೆ ಹಗ್ಗದಲ್ಲಿ ತೂಗುತ್ತ ಜನರನ್ನು ತುದಿಗೆ ಒಯ್ಯುವ ಡಬ್ಬಿಗಳು. ಆ ಹಗ್ಗ ನೋಡಿಕೊಳ್ಳುವ ಕೆಲಸ. ಇದಕ್ಕೆ ಮೊದಲು ಕೊಲ್ಲಿ ದೇಶದ ಕೆಲಸವೊಂದು ಬಂದಿತ್ತು, ಇದಕ್ಕಿಂತ ದೊಡ್ಡದು. ಅಲ್ಲಿ ಸಂಸಾರಕ್ಕೆ ಜಾಗವಿಲ್ಲ ಎಂದದ್ದಕ್ಕೆ ಬೇಡವೆಂದಿದ್ದ. ಬೆಟ್ಟದವರು ಎರಡು ಕೋಣೆಯ ಮನೆ ಕೊಡುತ್ತೇವೆ, ಹೆಂಡತಿ ಮಕ್ಕಳನ್ನು ಕರೆತನ್ನಿ ಎಂದಿದ್ದರು. ಅವನ ಹೆಂಡತಿ ಮಂಜುಳಾ, ಮೂರು ವರ್ಷದ ಮಗಳು ಪುಟ್ಟಿ, ಇನ್ನೂ ತೆವಳುತ್ತಿದ್ದ ಗಂಡುಮಗು. “ಹೋದ್ರೆ ನಾಲ್ಕು ಜನ, ಇಲ್ದಿದ್ರೆ ಯಾರೂ ಇಲ್ಲ” ಎಂದ.

ಲೋಕೇಶನ ತಂದೆ ಕೊಲ್ಲಿಯಲ್ಲಿ ದುಡಿದವರು. ಎರಡು ವರ್ಷಕ್ಕೊಮ್ಮೆ ಕಾಮಾಕ್ಷಿಪಾಳ್ಯದ ಮನೆಗೆ ಬರುತ್ತಿದ್ದರು. ಒಂದು ಸಲ ಬಾಗಿಲು ತೆರೆದ ಲೋಕೇಶ, “ಅಮ್ಮಾ, ಯಾರೋ ಅಂಕಲ್ ಬಂದಿದಾರೆ” ಎಂದು ಒಳಗೆ ಓಡಿದ್ದನಂತೆ. ಇದನ್ನು ಅವನೇ ಹೇಳಿದನೋ, ಮಂಜುಳಾ ಹೇಳಿದಳೋ, ಈಗ ಖಚಿತವಿಲ್ಲ.

ಅದೇ ವಾರ ಅವನ ಮಾವ ಶಿವಣ್ಣ ಕೆಂಗೇರಿ ಉಪನಗರದಿಂದ ನನ್ನನ್ನು ಹುಡುಕಿಕೊಂಡು ಬಂದರು. ಲೋಕೇಶನೂ ಇದ್ದ. ಗೇಟಿನ ಪಕ್ಕದಲ್ಲೇ ಪಂಚಾಯ್ತಿ ಶುರುವಾಯಿತು.

“ನೋಡಿ ಮೇಷ್ಟ್ರೇ, ಜನ ಅಮೆರಿಕ ಅಂತಾರೆ, ದುಬೈ ಅಂತಾರೆ. ನಮ್ಮಳಿಯ ನೇಪಾಳ ಅಂತಾನೆ. ಅಲ್ಲಿಯವ್ರು ವಾಚ್‌ಮನ್ ಕೆಲಸಕ್ಕೆ ಇಲ್ಲಿಗೆ ಬರ್ತಾರೆ, ಇವ್ನು ಅಲ್ಲಿಗೆ ಹೊರಟಿದಾನೆ. ಹೋಗ್ಲಿ, ಒಬ್ಬನೇ ಹೋಗ್ಲಿ. ನನ್ನ ಮಗಳು, ಮೊಮ್ಮಕ್ಕಳು ಯಾಕೆ ಆ ಚಳೀಲಿ ಸಾಯ್ಬೇಕು?”

ನಮ್ಮ ವಾಚ್‌ಮನ್ ಅಲ್ಲೇ ನಿಂತು ಕೇಳಿಸದವನಂತೆ ಗಿಡಗಳಿಗೆ ನೀರು ಹಾಕುತ್ತಿದ್ದ. ಲೋಕೇಶ ಹೋಗಿ ಅವನ ಕೈಯಿಂದ ಪೈಪು ತೆಗೆದುಕೊಂಡು ನಲ್ಲಿ ನಿಲ್ಲಿಸಿದ.

“ಮಾವ, ಇವ್ರ ಹೆಸರು ಟೇಕರಾಜ್. ಇವ್ರ ಮಗಳು ಹುಟ್ಟಿದ ದಿನ ಇವ್ರು ಇದೇ ಗೇಟಲ್ಲಿದ್ರು. ಆರು ವರ್ಷದಲ್ಲಿ ಅವಳನ್ನ ಎರಡು ಸಲ ನೋಡಿದಾರೆ. ಇವ್ರಿಗೆ ಬೇರೆ ದಾರಿ ಇರ್ಲಿಲ್ಲ. ನನಗಿದೆ.”

“ಭಾಷೆ ಬರುತ್ತೇನೋ ನಿನಗೆ?”

“ಇವ್ರೇ ಕಲಿಸ್ತಿದಾರೆ. ಬೈಗುಳ ಮುಗೀತು, ಈಗ ತರಕಾರಿ ನಡೀತಿದೆ.”

ಟೇಕರಾಜ್ ನಕ್ಕುಬಿಟ್ಟ. ಆರು ವರ್ಷ ನಾವೆಲ್ಲ ಅವನನ್ನು ಬಹದ್ದೂರ್ ಎಂದು ಕರೆಯುತ್ತಿದ್ದೆವು. ಅವನ ಹೆಸರನ್ನು ನಾನು ಮೊದಲು ಕೇಳಿದ್ದು ಆ ದಿನ, ಅದೂ ಲಿಫ್ಟ್ ಮೆಕ್ಯಾನಿಕ್ಕಿನ ಬಾಯಲ್ಲಿ.

ಆ ಪಂಚಾಯ್ತಿಯಲ್ಲಿ ನಾನು ಲೋಕೇಶನ ಕಡೆಗಿದ್ದೆ ಎಂದು ವರ್ಷಗಟ್ಟಲೆ ನಂಬಿದ್ದೆ, ಗೆಳೆಯರಿಗೂ ಹಾಗೆಯೇ ಹೇಳಿದ್ದೆ. ಇದನ್ನು ಬರೆಯಲು ಕೂತಾಗ ಹಳೆಯ ಡೈರಿ ತೆಗೆದೆ. ನನ್ನದೇ ಅಕ್ಷರದಲ್ಲಿ ಹೀಗಿದೆ: “ಲೋಕೇಶನಿಗೆ ಬುದ್ಧಿ ಹೇಳಿದೆ. ಮಕ್ಕಳು ಚಿಕ್ಕವು. ಮೊದಲು ಒಬ್ಬನೇ ಹೋಗಿ ಒಂದು ವರ್ಷ ನೋಡು ಎಂದೆ. ಶಿವಣ್ಣನವರಿಗೆ ಸಮಾಧಾನವಾಯಿತು.” ಅದರ ಕೆಳಗೆ ಇನ್ನೊಂದು ಸಾಲು: “ಲಿಫ್ಟಿಗೆ ಇನ್ನು ಯಾರು?”

ಲೋಕೇಶ ಹೊರಡುವ ಮುಂಚೆ ನನಗೂ ಮಾತಿನ ಹುರುಪು ಬಂದಿತ್ತು. ಸಂಸಾರವೂ ಹಗ್ಗದ ಹಾಗೆ, ಎಳೆಗಳು ಬಿಡಿಯಾಗಬಾರದು, ಅಂತೇನೋ ಶುರುಮಾಡಿದೆ. ಅವನು ತಡೆದ. “ಸಾರ್, ಹಗ್ಗ ಹಗ್ಗ, ಹೆಂಡ್ತಿ ಹೆಂಡ್ತಿ. ಎರಡನ್ನೂ ಕಲಸಬೇಡಿ. ಹಗ್ಗ ಸವೆದ್ರೆ ಬದಲಾಯಿಸ್ತೀನಿ.”

ನಾಲ್ವರೂ ಹೋದರು. ಅಲ್ಲಿನ ಮೊದಲ ಚಳಿಗಾಲದಲ್ಲಿ ಪುಟ್ಟಿಗೆ ಉಬ್ಬಸ ಬಂತು. ಶಿವಣ್ಣ ಮತ್ತೆ ನನ್ನ ಮನೆಗೆ ಬಂದು, ನನ್ನ ಎದುರೇ ಫೋನ್ ಮಾಡಿ ಸ್ಪೀಕರ್ ಹಾಕಿದರು. ಲೋಕೇಶ ಹಗ್ಗದ ಕಡೆ ಹೋಗಿದ್ದ. ಮಂಜುಳಾ ಫೋನ್ ಎತ್ತಿದಳು.

“ಮಕ್ಕಳನ್ನ ಕರ್ಕೊಂಡು ಬಂದ್ಬಿಡು ಕಣಮ್ಮ. ಅವನು ಅಲ್ಲೇ ಇರ್ಲಿ.”

“ಅಪ್ಪ, ಇವಳಿಗೆ ಬೆಂಗಳೂರಲ್ಲಿ ಉಬ್ಬಸ ಇರ್ಲಿಲ್ವಾ? ಎರಡು ಸಲ ಆಸ್ಪತ್ರೆಗೆ ಹಾಕಿದ್ವಿ. ಆಗ ಯಾರೂ ಕಾಮಾಕ್ಷಿಪಾಳ್ಯ ಬಿಟ್ಟು ಬಾ ಅನ್ನಲಿಲ್ಲ.” ಆಮೇಲೆ ದನಿ ತಗ್ಗಿಸಿ ಹೇಳಿದಳು: “ಡಾಕ್ಟರ್ ನೋಡಿದಾರೆ, ಇಳೀತಾ ಇದೆ. ನಾನೂ ಟಿಕೆಟ್ ಕೌಂಟರಲ್ಲಿ ಕೂರ್ತೀನಿ. ಈಗ ಎರಡು ಭಾಷೇಲಿ ಜಗಳ ಆಡಕ್ಕೆ ಬರುತ್ತೆ. ನಿಮ್ಮತ್ರ ಆಡಕ್ಕೆ ಕನ್ನಡ ಸಾಕು.”

ಶಿವಣ್ಣ ಫೋನಿಟ್ಟು, “ಇವಳು ಯಾವಾಗಿಂದ ಹೀಗೆ?” ಎಂದು ನನ್ನನ್ನು ಕೇಳಿದರು. ನಾನು ಕಾಫಿ ತರಲು ಒಳಗೆ ಹೋದೆ.

ಲೋಕೇಶನನ್ನು ಕೊನೆಯ ಸಲ ನೋಡಿದ್ದು ಹೋದ ವರ್ಷ, ವಿಜಯನಗರದ ಛತ್ರದಲ್ಲಿ. ಮಂಜುಳಾಳ ತಮ್ಮನ ಮದುವೆ. ಬೆಟ್ಟದ ಬಿಸಿಲಿಗೆ ಲೋಕೇಶನ ಮುಖ ಕಪ್ಪಿಟ್ಟಿತ್ತು, ತುಟಿ ಒಡೆದಿತ್ತು. ಪಂಕ್ತಿಯಲ್ಲಿ ಪಕ್ಕದವರು “ಬಂದ್ಬಿಟ್ರಾ ವಾಪಸ್ಸು?” ಎಂದರೆ, “ಊಟಕ್ಕೆ ಬಂದಿದೀವಿ” ಎನ್ನುತ್ತ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದ.

ಏರ್‌ಪೋರ್ಟಿಗೆ ಹೋಗುವ ಕಾರು ಛತ್ರದ ಮುಂದೆ ಬಂದು ನಿಂತಾಗ ಶಿವಣ್ಣ ಪುಟ್ಟಿಯ ಕೈ ಹಿಡಿದುಕೊಂಡರು. “ಇವಳನ್ನೊಬ್ಬಳನ್ನ ಬಿಟ್ಟೋಗಿ. ಒಂದನೇ ಕ್ಲಾಸು ಇಲ್ಲೇ ಓದ್ಲಿ. ರಾಜಾಜಿನಗರದಲ್ಲಿ ಒಳ್ಳೇ ಸ್ಕೂಲು, ನಾನೇ ಕರ್ಕೊಂಡು ಹೋಗಿ ಬರ್ತೀನಿ. ರಜಕ್ಕೆ ಬಂದು ನೋಡ್ಕೊಂಡು ಹೋಗಿ.” ಸುತ್ತಲಿದ್ದ ನೆಂಟರೆಲ್ಲ ಹೌದು ಹೌದು ಎಂದರು.

ಲೋಕೇಶ ವಾದ ಮಾಡಲಿಲ್ಲ. ಮೆಟ್ಟಿಲ ಮೇಲೆ ಕೂತು ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದಾಗಿ ಶೂ ಹಾಕಿದ. ಲೇಸು ಕಟ್ಟಿ, ಮೇಲೆದ್ದು, ಮಾವನ ಕಾಲಿಗೆ ನಮಸ್ಕಾರ ಮಾಡಿದ.

“ನೋಡಕ್ಕೆ ನೀವು ಬನ್ನಿ ಮಾವ. ಇವಳನ್ನ ನೋಡಕ್ಕೆ ನಾನು ರಜ ಹಾಕಲ್ಲ.”

ಶಿವಣ್ಣ ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ನೀವಾದ್ರೂ ಹೇಳಿ. ಅವತ್ತು ಹೇಳಿದ್ರಲ್ಲ.”

“ಹೋಗಲಿ ಬಿಡಿ ಶಿವಣ್ಣ, ಎಲ್ಲರೂ ಒಟ್ಟಿಗೆ ಹೋಗಲಿ” ಎಂದೆ. ಎಂದೆನೆಂದು ನೆನಪು. ದನಿ ಎತ್ತಿಯೇ ಅಂದೆ ಎಂದೂ ನೆನಪು. ಆದರೆ ಆ ದಿನದ ಡೈರಿಯಲ್ಲಿ ಆ ಮಾತಿಲ್ಲ. ಇರುವುದು ಇಷ್ಟೇ: “ಲೋಕೇಶನಿಗೆ ಮೂರು ಹಳೇ ಪಂಚೆ ಕೊಟ್ಟೆ. ಕಾರು ಹತ್ತಿದವರು ನಾಲ್ಕು ಜನ.”