ದೇವದುರ್ಗಕ್ಕೆ ಹೋದ ಪ್ರಸಾದ

ದೇವರ ಮೇಲಿರುವ ಭಕ್ತಿಗಿಂತ ಪ್ರಸಾದದ ಮೇಲಿರುವ ಭಕ್ತಿ ನನಗೆ ಒಂದು ಹಿಡಿ ಹೆಚ್ಚೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗುಡಿಯಲ್ಲಿ ಕಣ್ಣು ಮುಚ್ಚಿ ಕೈಮುಗಿದು ನಿಲ್ಲುತ್ತೇನೆ, ನಿಜ. ಆದರೆ ಮೂಗನ್ನು ಮುಚ್ಚಿರುವುದಿಲ್ಲ. ರಾಯಚೂರಿನ ನಮ್ಮ ಓಣಿಯ ಹನುಮಪ್ಪನ ಗುಡಿಯಲ್ಲಿ ಶನಿವಾರ ಇಂದು ಹೆಸರುಬೇಳೆ ಹುಗ್ಗಿಯೋ ಶಿರಾವೋ ಎಂಬುದು ಮಂಗಳಾರತಿಗೆ ಮೊದಲೇ ನನಗೆ ಗೊತ್ತಾಗಿರುತ್ತದೆ. ಬೇಸಿಗೆಯಲ್ಲಿ ನಮ್ಮೂರಿನ ಗುಡಿಗಳ ಕಲ್ಲುಹಾಸು ಕಾದ ಹಂಚಿನಂತಿರುತ್ತದೆ. ಪ್ರದಕ್ಷಿಣೆ ಎಂಬುದು ಓಟವಾಗುತ್ತದೆ. ಹಾಗೆ ಓಡಿ ಬಂದು ಪ್ರಸಾದದ ಸಾಲಿನಲ್ಲಿ ಮೊದಲು ನಿಲ್ಲುವವರಲ್ಲಿ ನಾನೂ ಒಬ್ಬ. ಒಮ್ಮೆ ಬಲಗೈಯಲ್ಲಿ ತೆಗೆದುಕೊಂಡ ಹುಗ್ಗಿಯನ್ನು ಎಡಗೈಯ ದೊನ್ನೆಗೆ ಸಾಗಿಸಿ, ಏನೂ ಆಗದವನಂತೆ ಮತ್ತೆ ಕೈಚಾಚಿದ್ದೆ. ಹಿಂದಿನಿಂದ ಒಂದು ಹುಡುಗಿಯ ದನಿ ಬಂತು. "ಸರ್, ನಿಮ್ದು ಆಗ್ಯಾದಲ್ರೀ." ನನ್ನ ಒಂಬತ್ತನೇ ತರಗತಿಯ ವಿದ್ಯಾರ್ಥಿನಿ. ಅವಳಿಗೆ ಲೆಕ್ಕ ಕಲಿಸುವವನು ನಾನೇ.

ನಾವು ಚಿಕ್ಕವರಿದ್ದಾಗ ದೂರದ ದೇವರ ಪ್ರಸಾದ ನೆಂಟರ ಜೊತೆ ಬರುತ್ತಿತ್ತು. ಯಾತ್ರೆಗೆ ಹೋದವರು ಹಿಂತಿರುಗಿದ ಮೇಲೆ ಹದಿನೈದು ದಿನ ಅವರ ಚೀಲದಲ್ಲಿ ದೇವರು ಮನೆಮನೆ ತಿರುಗುತ್ತಿದ್ದ. ಹಳೆ ಪತ್ರಿಕೆಯ ಪೊಟ್ಟಣದಲ್ಲಿ ಕಲ್ಲುಸಕ್ಕರೆ, ಕುಂಕುಮ, ಪುಡಿಯಾದ ಲಡ್ಡು, ಒಣಗಿದ ತುಳಸಿ ಎಲ್ಲವೂ ಒಂದಾಗಿರುತ್ತಿದ್ದವು. ಕುಂಕುಮ ಹತ್ತಿದ ಕಲ್ಲುಸಕ್ಕರೆಯ ರುಚಿ ಬಲ್ಲವರೇ ಬಲ್ಲರು. ಚೆನ್ನಾಗಿಲ್ಲ ಎನ್ನುವಂತಿಲ್ಲ, ಬೇಡ ಎನ್ನುವಂತಿಲ್ಲ. ಪ್ರಸಾದ ಎಂಬ ಮಾತಿಗೆ ಪ್ರಸನ್ನತೆ, ತಿಳಿಯಾಗುವುದು ಎಂದೆಲ್ಲ ಅರ್ಥವಿದೆಯಂತೆ. ನಮ್ಮ ಮನೆಯಲ್ಲಿ ಅದಕ್ಕಿದ್ದ ಅರ್ಥ ಒಂದೇ: ಬೇಡ ಎನ್ನಬಾರದ್ದು.

ಈ ನಿಯಮವನ್ನು ನನ್ನ ತಲೆಗೆ ತುಂಬಿದವಳು ಸುಶೀಲಾ ಅತ್ತೆ, ನನ್ನ ತಂದೆಯ ಅಕ್ಕ. ಮಾನ್ವಿಯಲ್ಲಿ ಮಗ ಸೊಸೆಯ ಜೊತೆ ಇರುತ್ತಾಳೆ. ಹೆಡ್ ಮಾಸ್ತರಾಗಿ ನಿವೃತ್ತಳಾದರೂ ಓಣಿಗೆಲ್ಲ ಇನ್ನೂ ಅವಳೇ ಹೆಡ್ಡು. ಕಳೆದ ವರ್ಷ ಅವಳ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂದಾಗ, ಎಲ್ಲವೂ ಸುಸೂತ್ರವಾದರೆ ಬೆಟ್ಟ ಹತ್ತಿ ಮನೆದೇವರು ನರಸಿಂಹನಿಗೆ ಸೇವೆ ಮಾಡಿಸುತ್ತೇನೆ ಎಂದು ಹರಕೆ ಹೊತ್ತಳು. ಕಣ್ಣು ಚೆನ್ನಾಗಿಯೇ ಆಯಿತು. ಆದರೆ ಅಷ್ಟರಲ್ಲಿ ಮೊಣಕಾಲು ಕೈಕೊಟ್ಟಿತು. ಬೆಟ್ಟ ಈಗ ಸ್ಪಷ್ಟವಾಗಿ ಕಾಣುತ್ತದೆ, ಹತ್ತಲಾಗುವುದಿಲ್ಲ. ಹರಕೆ ಹಾಗೇ ಉಳಿಯಿತು ಎಂಬ ಕೊರಗು ಅವಳ ನಿದ್ದೆ ತಿನ್ನತೊಡಗಿತು.

ಅವಳಿಗೆ ಇನ್ನೊಂದು ಕೊರಗೂ ಇತ್ತು, ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವಳ ತಂಗಿ ವನಜಾ ಅತ್ತೆ ದೇವದುರ್ಗದಲ್ಲಿದ್ದಾಳೆ. ಐದಾರು ವರ್ಷದ ಹಿಂದೆ ವನಜಾ ಅತ್ತೆಯ ಮನೆಯ ಪೂಜೆಯಲ್ಲಿ ತೀರ್ಥಪ್ರಸಾದ ಕೊಡುವಾಗ ಮೊದಲ ಕೈ ಸುಶೀಲಾ ಅತ್ತೆಯದಾಗಬೇಕಿತ್ತು, ಹಿರಿಯಳು ಅವಳೇ. ಆ ಗಡಿಬಿಡಿಯಲ್ಲಿ ವನಜಾ ಅತ್ತೆ ಎದುರಿಗೆ ಬಂದ ಬೀಗರಿಗೆ ಮೊದಲು ಕೊಟ್ಟುಬಿಟ್ಟಳು. ಸುಶೀಲಾ ಅತ್ತೆ ಚಾಚಿದ್ದ ಕೈ ಹಿಂದೆಗೆದು, ಬಸ್ಸಿಗೆ ಹೊತ್ತಾಯಿತೆಂದು ಊಟ ಮಾಡದೆ ಹೊರಟಳು. ದೇವದುರ್ಗದಿಂದ ಮಾನ್ವಿ ದೂರವೇನಲ್ಲ, ಸಿರವಾರದ ಮೇಲೆ ಹಾದರೆ ಒಂದೂವರೆ ತಾಸು. ಆದರೆ ಆಮೇಲೆ ಅವರಿಬ್ಬರ ಮಾತೆಲ್ಲ ರಾಯಚೂರಿನ ಮೇಲೆ, ಅಂದರೆ ನನ್ನ ಮೇಲೆ ಹಾದುಹೋಗತೊಡಗಿತು. "ಆಕಿಗೆ ಹೇಳು, ಚಳಿಗಾಲದಾಗ ತಣ್ಣೀರು ಮೈಮ್ಯಾಲ ಹಾಕೋಬ್ಯಾಡ ಅಂತ." "ಅಕ್ಕಗ ಹೇಳು, ಕಣ್ಣಿನ ಹನಿ ಹೊತ್ತಿಗೆ ಸರಿ ಹಾಕೋ ಅಂತ." ಇಷ್ಟು ಕಾಳಜಿಯ ಜಗಳವನ್ನು ನಾನು ಬೇರೆಲ್ಲೂ ಕಂಡಿಲ್ಲ. ನೀವೇ ಮಾತಾಡಬಾರದೇ ಎಂದರೆ ಇಬ್ಬರೂ ಫೋನು ಇಟ್ಟುಬಿಡುತ್ತಿದ್ದರು.

ಒಂದು ಭಾನುವಾರ ಮಾನ್ವಿಗೆ ಹೋದವನು, ಮೊಬೈಲ್ ಕೈಯಲ್ಲಿದ್ದರೆ ಎಲ್ಲವೂ ಸಾಧ್ಯ ಎಂಬ ಗರ್ವದಲ್ಲಿ ಹೇಳಿದೆ. "ಅತ್ತಿ, ಬೆಟ್ಟ ಹತ್ತೋದು ಬ್ಯಾಡ. ಇಲ್ಲೇ ಕುಂತು ಸೇವಾ ಮಾಡಸೋಣ. ಪ್ರಸಾದ ಮನಿಗೇ ಬರ್ತದ."

ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ದೇವರು ಮಾಡಿಕೊಟ್ಟ ಕಾಲು ಸಾಕಾಗಲಿಲ್ಲಂತ ಈಗ ಪಾರ್ಸಲ್ ಏನು? ಆ ಪಾರ್ಸಲ್ ತರಾವ ಸ್ನಾನ ಮಾಡಿರ್ತಾನೋ ಇಲ್ಲೋ?"

"ಮುಂಜಾನಿ ಎಲ್ಲಾರೂ ಮಾಡ್ತಾರ ಅತ್ತಿ."

"ನೀ ರವಿವಾರ ಮಾಡಂಗಿಲ್ಲಲ್ಲ."

ಆ ದಿನ ಭಾನುವಾರವೇ ಆಗಿತ್ತು. ಆದರೆ ಹರಕೆಯ ಭಾರ ಮಡಿಗಿಂತ ದೊಡ್ಡದು. ಚಹಾ ಮುಗಿಯುವಷ್ಟರಲ್ಲಿ ಅವಳೇ ಕನ್ನಡಕ ಹಾಕಿಕೊಂಡು ನನ್ನ ಪಕ್ಕ ಬಂದು ಕೂತಳು. ಗುಡಿಯವರ ವೆಬ್‌ಸೈಟು ತೆರೆದೆ. ಮೊದಲು ಒಂದು ಗಂಟೆಯ ಸದ್ದು, ಆಮೇಲೆ ಹೆಸರು, ರಾಶಿ, ನಕ್ಷತ್ರ. ಗೋತ್ರದ ಪಟ್ಟಿ ಉದ್ದಕ್ಕೆ ಇಳಿದು, ಕೊನೆಯಲ್ಲಿ 'ಇತರೆ' ಎಂದಿತ್ತು. ಅತ್ತೆ ಅದನ್ನು ಎರಡು ಸಲ ಓದಿ, "ಇತರೆ ಅನ್ನೋ ಋಷಿ ಯಾರೋ?" ಎಂದು ಕೇಳಿದಳು. ಆಮೇಲೆ ಓಟಿಪಿ ಬಂತು, ಇದನ್ನು ಯಾರಿಗೂ ಹೇಳಬೇಡಿ ಎಂಬ ಎಚ್ಚರಿಕೆಯ ಜೊತೆ. ಅತ್ತೆ ಮೊದಲ ಸಲ ಮೆಚ್ಚಿ ತಲೆಯಾಡಿಸಿದಳು. "ಮಂತ್ರೋಪದೇಶ ಮಾಡೋವಾಗೂ ಹಿಂಗ ಹೇಳ್ತಾರ." ಆ ಆರಂಕಿಯನ್ನು ನಾನು ಅವಳ ಕಿವಿಗೂ ಬೀಳದಂತೆ ಒತ್ತಬೇಕಾಯಿತು. ಕಡೆಗೆ ವಿಳಾಸದ ಜಾಗ ಬಂದಾಗ ಫೋನು ತಾನೇ ಅದನ್ನು ತುಂಬಿತು. ಯಂತ್ರಕ್ಕೆ ಎಷ್ಟು ಬುದ್ಧಿ ನೋಡು ಎಂದು ಅತ್ತೆಗೆ ತೋರಿಸಿ, ಓದದೆ ಒತ್ತಿದೆ. ಪರೀಕ್ಷೆಗೆ ಮೊದಲು, ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರಿಸಿ ಎಂದು ಮಕ್ಕಳಿಗೆ ಹೇಳುವ ಮೇಷ್ಟ್ರು ನಾನು.

ಅಲ್ಲಿಂದ ದಿನಕ್ಕೆರಡು ಸಲ ಮಾನ್ವಿಯಿಂದ ಫೋನು. "ಎಲ್ಲಿಗೆ ಬಂತು?" ಪಾರ್ಸಲ್ ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಬಹುದು ಎಂದು ನಾನೇ ಹೇಳಿ ತಪ್ಪು ಮಾಡಿದ್ದೆ. ಬಳ್ಳಾರಿಗೆ ಬಂತು ಎಂದರೆ ಅವಳು ಅಂಗಳ ತೊಳೆಸಿದಳು. ರಾಯಚೂರಿಗೆ ಬಂತು ಎಂದರೆ ಬೆಳ್ಳಿಯ ತಟ್ಟೆ ತೆಗೆದು ಹುಣಸೆಹಣ್ಣಿನಿಂದ ಬೆಳಗಿದಳು. ಮರುದಿನ ಬೆಳಿಗ್ಗೆ, ಇಂದು ತಲುಪುತ್ತದೆ ಎಂದು ಮೊಬೈಲು ಹೇಳಿತು. ಅತ್ತೆ ಮಡಿಯಲ್ಲಿ ಬಾಗಿಲ ಬಳಿ ಕುರ್ಚಿ ಹಾಕಿ ಕೂತಿದ್ದಾಳೆ ಎಂದು ಸೊಸೆ ಸುದ್ದಿ ಕೊಟ್ಟಳು.

ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಡಬ್ಬಿ ಬಿಚ್ಚುತ್ತ ಮೊಬೈಲು ನೋಡಿದೆ. 'ತಲುಪಿಸಲಾಗಿದೆ. ಸ್ವೀಕರಿಸಿದವರು: ವನಜಾ. ದೇವದುರ್ಗ.'

ಡಬ್ಬಿಯನ್ನು ಬದಿಗಿಟ್ಟು ಮತ್ತೊಮ್ಮೆ ಓದಿದೆ. ಹಿಂದಿನ ವರ್ಷ ಪರೀಕ್ಷಾ ಕೆಲಸಕ್ಕೆಂದು ದೇವದುರ್ಗಕ್ಕೆ ಹೋಗಿ ವನಜಾ ಅತ್ತೆಯ ಮನೆಯಲ್ಲಿ ಉಳಿದಿದ್ದೆ. ಅಲ್ಲಿ ಗುಡಿಯ ಮುಂದೆ ಬಿಟ್ಟ ಚಪ್ಪಲಿ ಕಳೆದುಹೋಗಿ, ಹೊಸ ಚಪ್ಪಲಿಯನ್ನು ಮೊಬೈಲಿನಲ್ಲೇ ಅವಳ ಮನೆಗೆ ತರಿಸಿದ್ದೆ. ನಾನು ಮರೆತರೂ ಮೊಬೈಲು ಆ ವಿಳಾಸವನ್ನು ಮರೆತಿರಲಿಲ್ಲ. ಚಪ್ಪಲಿ ಹೋದ ದಾರಿಯಲ್ಲೇ ಅತ್ತೆಯ ಹರಕೆಯೂ ಹೋಗಿತ್ತು.

ಅಷ್ಟರಲ್ಲಿ ವನಜಾ ಅತ್ತೆಯದೇ ಫೋನು ಬಂತು. ದನಿ ಎಂದಿನಂತಿರಲಿಲ್ಲ. "ಅಕ್ಕನ ಪ್ರಸಾದ ಬಂದದೋ. ಆಕಿ ಹೆಸರಿನ ಚೀಟಿನೂ ಅದ. ನಾಳಿ ಮುಂಜಾನಿ ಬಸ್ಸಿಗೆ ಮಾನ್ವಿಗೆ ಹೊಂಟೀನಿ." ನಾನು ಬಾಯಿ ತೆರೆಯುವ ಮೊದಲೇ ಫೋನು ಇಟ್ಟಳು.

ಅಕ್ಕನೇ ಮನಸ್ಸು ಮಾಡಿ ಪ್ರಸಾದ ಕಳಿಸಿದ್ದಾಳೆಂದು ಅವಳು ತಿಳಿದಿದ್ದಾಳೆ ಎಂದುಕೊಂಡೆ. ನಿಜ ಹೇಳಿದರೆ ಇವಳ ಮನಸ್ಸು ಮುರಿಯುತ್ತದೆ. ಹೇಳದಿದ್ದರೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂತವಳು, ತನ್ನ ಪ್ರಸಾದ ಹಿಡಿದು ಬರುವ ತಂಗಿಯನ್ನು ಏನೆಂದಾಳು? ಆ ದಿನ ಮಾನ್ವಿಯಿಂದ ಬಂದ ಫೋನನ್ನು ನಾನು ಎತ್ತಲಿಲ್ಲ. ಮರುದಿನ ರಜೆ ಹಾಕಿ ಮೊದಲ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಎಷ್ಟು ಬಗೆಯಲ್ಲಿ ಸುಳ್ಳು ಕಟ್ಟಿದೆನೆಂದರೆ, ಕಲ್ಮಲಾ ದಾಟುವಷ್ಟರಲ್ಲಿ ಎರಡು ಸುಳ್ಳುಗಳು ಒಂದಕ್ಕೊಂದು ಡಿಕ್ಕಿ ಹೊಡೆದಿದ್ದವು. ಕಡೆಗೆ ಮಾನ್ವಿಯ ಬಾಗಿಲಲ್ಲಿ ಅತ್ತೆಯ ಮುಖ ನೋಡಿದ ಮೇಲೆ ನಿಜವನ್ನೇ ಹೇಳಿದೆ.

ಅತ್ತೆ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಬೆಳಗಿದ ತಟ್ಟೆಯನ್ನು ಕೈಗೆ ತೆಗೆದುಕೊಂಡು, ಸೆರಗಿನಿಂದ ಅದರ ಅಂಚನ್ನು ಒರೆಸುತ್ತ ಕೂತಳು. "ವಿಳಾಸ ಬರಿಯೋದು ಮೂರನೇ ಕ್ಲಾಸಿನ ಪಾಠ," ಎಂದಳು. ತಟ್ಟೆಯನ್ನು ಕೆಳಗಿಟ್ಟು, "ನನ್ನ ಹರಕಿ ದೇವರಿಗೆ ಬ್ಯಾಡಾಗ್ಯಾದೇನೋ," ಎಂದಳು. ಆ ಎರಡನೆಯ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅತ್ತಿ, ವನಜಾ ಅತ್ತಿ ನೀ ಕಳಿಸಿದ್ದಂತ ತಿಳಿದಾಳ. ಹೌದು ಅಂತ ಅನ್ನು. ಅಷ್ಟಕ್ಕ ಎಲ್ಲಾ ಸರಿಹೋಗ್ತದ."

"ಪ್ರಸಾದ ಕೈಯಾಗ ಹಿಡಕೊಂಡು ಸುಳ್ಳ ಹೇಳಂತೀಯೇನು?" ಅವಳ ನೋಟಕ್ಕೆ ನಾನು ಮತ್ತೆ ಮೂರನೇ ತರಗತಿಗೆ ಇಳಿದೆ.

ಹತ್ತು ಗಂಟೆಯ ಸುಮಾರಿಗೆ ಓಣಿಯ ತುದಿಯಲ್ಲಿ ಆಟೋ ನಿಂತಿತು. ವನಜಾ ಅತ್ತೆ ಇಳಿದಳು. ಅವಳು ಎರಡೂ ಕೈಯಲ್ಲಿ ಸ್ಟೀಲಿನ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಬಸ್ಸಿನಲ್ಲಿ ಕೂರಲು ಸೀಟು ಸಿಕ್ಕಿತ್ತೋ ಇಲ್ಲವೋ, ಡಬ್ಬಿಯನ್ನಂತೂ ಕೆಳಗಿಟ್ಟಿರಲಾರಳು. ಹೊಸ್ತಿಲ ಹೊರಗೆ ನಿಂತಳು. ಸುಶೀಲಾ ಅತ್ತೆ ಕುರ್ಚಿಯ ಕೈ ಹಿಡಿದು, ಮೊಣಕಾಲು ಕಟಕ್ ಎನ್ನಿಸಿ ಎದ್ದು ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಷ್ಟು ವರ್ಷಗಳಲ್ಲಿ ಇಬ್ಬರ ತಲೆಯೂ ಎಷ್ಟು ಬೆಳ್ಳಗಾಗಿದೆ ಎಂದು ನನಗೂ ಆಗಲೇ ಕಂಡದ್ದು.

"ಅದನ್ನ ನಾ ಕಳಿಸಿದ್ದಲ್ಲ," ಎಂದಳು ಸುಶೀಲಾ ಅತ್ತೆ. "ಈ ಶಾಣ್ಯಾ ತಪ್ಪು ಬರದಾನ."

ನಾನು ಕಣ್ಣು ಮುಚ್ಚಿಕೊಂಡೆ.

"ಗೊತ್ತದ ಅಕ್ಕ," ಎಂದಳು ವನಜಾ ಅತ್ತೆ. "ಮ್ಯಾಲ ನಿನ್ನ ಹೆಸರು, ಇವನ ನಂಬರು, ನನ್ನ ಮನಿ ವಿಳಾಸ. ಇವನ ಚಪ್ಪಲಿನೂ ಹಿಂಗ ಬಂದಿತ್ತು. ನೋಡಿದ ಕೂಡಲೇ ತಿಳೀತು."

"ಮತ್ತ ಇವನ ಕೈಯಾಗ ಕೊಟ್ಟು ಕಳಸಬೇಕಿಲ್ಲ? ಇಷ್ಟು ದೂರ ಯಾಕ ಬಂದಿ?"

ವನಜಾ ಅತ್ತೆ ಡಬ್ಬಿಯ ಮುಚ್ಚಳದ ಮೇಲೆ ಕೈಯಾಡಿಸುತ್ತ ನಿಧಾನವಾಗಿ ಹೇಳಿದಳು. ಪಾರ್ಸಲ್ ತಂದವನು ಮೌಲಾಸಾಬ ಎಂಬ ಹಿರಿಯನಂತೆ. ಅವನು ಪೊಟ್ಟಣವನ್ನು ಗಾಡಿಯ ಹಿಂದಿನ ಚೀಲದಲ್ಲಿ ಹಾಕಿರಲಿಲ್ಲ. 'ಅಮ್ಮಾರ, ಇದರ ಮ್ಯಾಲ ಪ್ರಸಾದ ಅಂತ ಬರದದ್ರಿ. ಚೀಲದಾಗ ಬೂಟಿನ ಡಬ್ಬಿ ಅದಾವ. ಅದಕ್ಕ ಮುಂದ ಇಟ್ಕೊಂಡು ಬಂದೀನ್ರಿ,' ಎಂದು ಕೈ ತೊಳೆದು ಕೊಟ್ಟನಂತೆ. ಆಮೇಲೆ, 'ಸುಶೀಲಾಬಾಯಿ ಅಂದ್ರ ಯಾರ್ರೀ?' ಎಂದು ಕೇಳಿದನಂತೆ.

"ನಮ್ಮಕ್ಕ ಅಂದೆ," ಎಂದಳು ವನಜಾ ಅತ್ತೆ. "ಬಾಳ ದಿನ ಆಗಿತ್ತು ಆ ಮಾತು ಬಾಯಿಂದ ಬಂದು. ಅವ ಹೋದ ಮ್ಯಾಲೂ ಬಾಗಿಲದಾಗ ನಿಂತೇ ಇದ್ದೆ. ಆವತ್ತಿನ ಪೂಜಾದಾಗ ನಾ ತಪ್ಪಿದ್ದು ಹೌದಕ್ಕ. ಬರಬೇಕಂತ ಎಷ್ಟೋ ಸಲ ಅಂದ್ಕೊಂಡೀನಿ, ಯಾವ ಮುಖ ಹೊತ್ತು ಬರಲಿ? ನಿನ್ನ ಪ್ರಸಾದ ನನ್ನ ಕೈಗೆ ಬಂತು. ಅದನ್ನ ಹಿಡಕೊಂಡು ಬಂದ್ರ ನೀ ಬ್ಯಾಡ ಅನ್ನಂಗಿಲ್ಲ ಅಂತ ಬಂದೆ." ಡಬ್ಬಿ ಮುಂದೆ ಚಾಚಿದಳು. "ಇನ್ನೂ ಯಾರೂ ಬಾಯಿಗೆ ಹಾಕಿಲ್ಲ. ಮೊದಲು ನೀ ತಗೋ."

ಸುಶೀಲಾ ಅತ್ತೆ ಬಲಗೈ ಚಾಚಿದಳು, ಕೆಳಗೆ ಎಡಗೈಯಲ್ಲಿ ಸೆರಗು ಹಿಡಿದು. ಲಡ್ಡು ಅಷ್ಟು ದಿನದ ಪ್ರಯಾಣಕ್ಕೆ ಅರ್ಧ ಪುಡಿಯಾಗಿತ್ತು. ಅದನ್ನು ಕಣ್ಣಿಗೆ, ಪೊರೆ ತೆಗೆದ ಎರಡೂ ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಅಗಿಯುವುದು ತಡವಾಯಿತು. ಆಮೇಲೆ, "ಹೊಸ್ತಿಲ ಹೊರಗ ನಿಂತು ಕಾಲು ಸುಟಗೋತೀಯೇನು, ಒಳಗ ಬಾ," ಎಂದಳು. ಅವಳ ದನಿ ಹೆಡ್ ಮಾಸ್ತರರದಾಗಿರಲಿಲ್ಲ.

ಆ ಮೇಲಿನ ಎರಡು ತಾಸು ನನ್ನನ್ನು ಯಾರೂ ಮಾತಾಡಿಸಲಿಲ್ಲ. ಅಷ್ಟು ವರ್ಷ ನನ್ನ ಮೇಲೆ ಹಾದುಹೋದ ಮಾತುಗಳನ್ನೆಲ್ಲ ಅವರು ಮತ್ತೆ ಮೊದಲಿನಿಂದ ನೇರವಾಗಿ ಆಡಿಕೊಂಡರು. ನಾನು ತಲುಪಿಸದೆ ಮರೆತ ಮಾತುಗಳು ಎಷ್ಟಿವೆ ಎಂಬುದೂ ಹೊರಬಿತ್ತು. ನಾನು ಮೂಲೆಯಲ್ಲಿ ಕೂತು, ಡಬ್ಬಿಯ ತಳದ ಪುಡಿಯನ್ನು ಮೂರನೇ ಸಲ ಬಳಿದು ತಿಂದೆ. ಈ ಸಲ ಎಣಿಸುವವರು ಯಾರೂ ಇರಲಿಲ್ಲ.

ಊಟವಾದ ಮೇಲೆ ವನಜಾ ಅತ್ತೆ ಚಹಾಕ್ಕೆಂದು ಅಡುಗೆಮನೆಗೆ ಹೋದಳು. ಸುಶೀಲಾ ಅತ್ತೆ ನನ್ನನ್ನು ಹತ್ತಿರ ಕರೆದು ಮೊಬೈಲು ತೆಗೆ ಎಂದಳು. ಕಾರ್ತೀಕದಲ್ಲಿ ಇನ್ನೊಂದು ಸೇವೆ ಮಾಡಿಸಬೇಕಂತೆ. ನಾನು ಈ ಸಲ ಒಂದೊಂದಕ್ಷರವನ್ನೂ ಓದುತ್ತ ಮುಂದೆ ಹೋದೆ. ವಿಳಾಸದ ಜಾಗದಲ್ಲಿ ಮತ್ತೆ ದೇವದುರ್ಗವೇ ಬಂದು ಕೂತಿತು.

"ತಡಿ ಅತ್ತಿ, ಇದನ್ನ ಅಳಿಸಿ ಮಾನ್ವಿದು ಹಾಕ್ತೀನಿ."

ಅತ್ತೆ ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಅಳಸಬ್ಯಾಡ. ಅದೇ ಇರಲಿ. ತಗೊಂಡು ಬರಾಕ ಆಕಿ ಅದಾಳ."