ಸತ್ತ ಮೇಲೆ ಬಂದ ಚಂದ

ಅಕ್ಕೋರ ಮೇಲಿನ ಎರಡು ಹಲ್ಲುಗಳು ಬಾಯಿ ಮುಚ್ಚಿದರೂ ಒಳಗೆ ಹೋಗುತ್ತಿರಲಿಲ್ಲ. ಕೆಳತುಟಿಯ ಮೇಲೆ ಕೂತುಕೊಂಡು, ಅಕ್ಕೋರಿಗಿಂತ ಮುಂಚೆ ತರಗತಿಯೊಳಗೆ ಬರುತ್ತಿದ್ದವು. ನಕ್ಕರೆ ಒಸಡು ಪೂರ್ತಿ ಕಾಣುತ್ತಿತ್ತು. ಸೆರಗು ಅಡ್ಡ ಹಿಡಿಯುವ ಅಭ್ಯಾಸ ಅವರಿಗಿರಲಿಲ್ಲ. ಕಪ್ಪು ಬಣ್ಣ, ಗಿಣಿಮೂಗು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುವುದು. ಆದರೆ ಅಂಕೋಲೆಯ ನಮ್ಮ ಹೈಸ್ಕೂಲಿನಲ್ಲಿ ಬರೀ ‘ಅಕ್ಕೋರು’ ಅಂದರೆ ಇತಿಹಾಸ ಕಲಿಸುವ ಇವರೊಬ್ಬರೇ.

ಅವರ ಊರಾದ ಹಣಕೋಣದಿಂದ ಕಾರವಾರಕ್ಕೆ ಒಂದು ಬಸ್ಸು, ಅಲ್ಲಿಂದ ಅಂಕೋಲೆಗೆ ಇನ್ನೊಂದು. ಮನೆಮಾತು ಕೊಂಕಣಿ. ಬೈತಖೋಲದ ಮೀನು ತರುವ ಹೆಂಗಸಿನ ಜೊತೆ ದಾರಿಯುದ್ದಕ್ಕೂ ಕೊಂಕಣಿಯಲ್ಲಿ ಹರಟುತ್ತ ಬರುತ್ತಿದ್ದರು. ನನ್ನ ಅವ್ವ ಗದ್ದೆ ಕೆಲಸದವಳು, ಶಾಲೆಯ ಗೇಟಿನೊಳಗೆ ಕಾಲಿಡಲು ಹೆದರುತ್ತಿದ್ದಳು. ಒಂದು ದಿನ ಅಕ್ಕೋರೇ ಗೇಟಿಗೆ ಬಂದು ನಮ್ಮ ಮನೆಯ ಆಡುಮಾತಿನಲ್ಲೇ ಅವಳನ್ನು ಮಾತಾಡಿಸಿದರು. ಅವ್ವ ಸಸಿ ನೆಡುವ ಸುದ್ದಿಯಿಂದ ಹಿಡಿದು ಅತ್ತೆಯ ಕಾಟದವರೆಗೆ ಎಲ್ಲ ಹೇಳಿಕೊಂಡು ಬಂದಳು. ಅಕ್ಕೋರ ಎದುರು ನಿಂತವರಿಗೆ ಸ್ವಲ್ಪ ಹೊತ್ತಿನ ಮೇಲೆ ಹಲ್ಲು ಕಾಣಿಸುತ್ತಲೇ ಇರಲಿಲ್ಲ.

ಅವರಿಗೆ ಈಜಿಪ್ಟಿನ ಕೊನೆಯ ರಾಣಿ ಅಂದರೆ ಹುಚ್ಚು ಪ್ರೀತಿ. ಪಠ್ಯದಲ್ಲಿ ಅವಳಿಗಿದ್ದದ್ದು ಒಂದೇ ಸಾಲು. ಅಕ್ಕೋರು ಅದಕ್ಕೆ ಒಂದು ವಾರ ಕೊಟ್ಟರು. ಮೊದಲ ದಿನವೇ ಹಿಂದಿನ ಬೆಂಚಿನ ಹುಡುಗನೊಬ್ಬ, “ಲೋಕಸುಂದರಿ ಅಲ್ವಾ ಅಕ್ಕೋರೆ?” ಎಂದು ಹಲ್ಲು ಕಿಸಿದ. ಅವರು ಹಲಗೆಯ ಮೇಲೆ ಒಂದು ಮುಖ ಬರೆದರು. ಕೊಕ್ಕಿನಂಥ ಮೂಗು, ಮುಂದೆ ಚಾಚಿದ ಗದ್ದ. ನಾವೆಲ್ಲ ನಕ್ಕೆವು.

“ನಗಿ, ನಗಿ. ಅವ್ಳೇ ಮಾಡ್ಸಿದ ನಾಣ್ಯದ ಮೇಲೆ ಅವ್ಳ ಮುಖ ಹೀಂಗೇ ಅದೆ,” ಎಂದರು ಅಕ್ಕೋರು. “ಯಾವ ದೇಶದ ದೂತ ಬಂದ್ರೂ ಅವ್ನ ಭಾಷೇಲೇ ಮಾತಾಡ್ತಿದ್ಲು. ಮಧ್ಯ ದುಭಾಷಿ ಬೇಕಾಗ್ತಿರ್ಲಿಲ್ಲ. ಅವ್ಳ ಎದ್ರಿಗೆ ಕೂತವ್ರಿಗೆ ಎದ್ದು ಹೋಗೂಕೆ ಮನಸ್ಸಾಗ್ತಿರ್ಲಿಲ್ಲ. ಚಂದ ಅಂತೆ ಚಂದ! ಅದನ್ನ ಸತ್ತ ಮೇಲೆ ಮಾಡ್ದ್ರು ಬಾಯ್. ಹೆಂಗಸಿನ ಬುದ್ಧಿಗೆ ಸೋತೆ ಅಂತ ಹೇಳೂಕೆ ಗಂಡಸ್ರಿಗೆ ನಾಚ್ಕೆ. ರೂಪಕ್ಕೆ ಸೋತೆ ಅಂದ್ರೆ ಮರ್ಯಾದೆ ಉಳೀತದೆ.”

ಹುಡುಗಿಯರನ್ನು ಅವರು ತಮ್ಮ ಕೊಂಕಣಿಯಂತೆ ‘ಬಾಯ್’ ಎಂದೇ ಕರೆಯುತ್ತಿದ್ದುದು.

ಆ ವರ್ಷದ ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಅವರೇ ಒಂದು ಪುಟ್ಟ ನಾಟಕ ಬರೆದು, ರಾಣಿಯ ಪಾತ್ರಕ್ಕೆ ನನ್ನನ್ನು ಆರಿಸಿದರು. ನಾನು ಬಿಸಿಲಲ್ಲಿ ಬೆಳೆದ ಕಪ್ಪು ಹುಡುಗಿ. ಅಲ್ಲಿಯವರೆಗೆ ನನ್ನನ್ನು ಮರ ಹಿಡಿದು ನಿಲ್ಲಲೂ ಸ್ಟೇಜಿಗೆ ಕರೆದವರಿಲ್ಲ. ಹೆಡ್‌ಮಾಸ್ತರು ನಮ್ಮ ಎದುರಿಗೇ ಹೇಳಿದರು: “ಅತಿಥಿಗಳು ಬರ್ತಾರೆ ಅಕ್ಕೋರೆ. ರಾಣಿ ಅಂದ್ಮೇಲೆ ಸ್ವಲ್ಪ ಲಕ್ಷಣ ಬೇಡ್ವಾ?”

“ಅತಿಥಿಗಳು ನಾಟ್ಕ ನೋಡೂಕೆ ಬರ್ತಾರಾ, ಹೆಣ್ಣು ನೋಡೂಕೆ ಬರ್ತಾರಾ ಸರ್?” ಎಂದರು ಅಕ್ಕೋರು. ಹೆಡ್‌ಮಾಸ್ತರು ಪಾತ್ರ ಬದಲಿಸಲಿಲ್ಲ. ಆದರೆ ಮರೆಯಲೂ ಇಲ್ಲ.

ಬಣ್ಣ ಹಚ್ಚುವವನು ಯಾರನ್ನೂ ಕೇಳದೆ ನನ್ನ ಮುಖಕ್ಕೆ ಬಿಳಿ ಬಳಿದಿದ್ದ. ಅಕ್ಕೋರು ಒದ್ದೆ ಬಟ್ಟೆ ತಂದು ಕೆನ್ನೆ ಉರಿಯುವಂತೆ ಉಜ್ಜಿ ಅದನ್ನು ತೆಗೆದರು. ನಾನು ಸ್ಟೇಜಿಗೆ ಕಾಲಿಟ್ಟಾಗ ಜನ ಗೊಳ್ಳೆಂದರು. ಮೂವರು ದೂತರು ಬಂದರು. ಒಬ್ಬ ಕೊಂಕಣಿಯಲ್ಲಿ ಕೇಳಿದ, ಒಬ್ಬ ಮರಾಠಿಯಲ್ಲಿ, ಇನ್ನೊಬ್ಬ ನಮ್ಮ ಮನೆಯ ಆಡುಮಾತಿನಲ್ಲಿ. ಅಕ್ಕೋರು ತಿಂಗಳುಗಟ್ಟಲೆ ಬಾಯಿಪಾಠ ಮಾಡಿಸಿದ್ದನ್ನು ನಾನು ಒಬ್ಬೊಬ್ಬರಿಗೂ ಅವರವರ ಭಾಷೆಯಲ್ಲಿ ತಿರುಗಿಸಿ ಕೊಟ್ಟೆ. ಮೂರನೆಯವನಿಗೆ ಉತ್ತರ ಹೇಳುವಾಗ ಮಕ್ಕಳು ಕೂಡ ಗಲಾಟೆ ನಿಲ್ಲಿಸಿದ್ದರು. ನಮ್ಮ ಮನೆಯ ಮಾತು ಒಬ್ಬ ರಾಣಿಯ ಬಾಯಲ್ಲಿ ಬಂತು ಎಂದು ಅವ್ವ ಎಷ್ಟೋ ದಿನ ಹೇಳಿಕೊಂಡು ತಿರುಗಿದಳು.

ಮರುವರ್ಷದಿಂದ ಗ್ಯಾದರಿಂಗ್ ಬೇರೆಯವರ ಕೈಗೆ ಹೋಯಿತು. ಹೆಡ್‌ಮಾಸ್ತರು ನಿವೃತ್ತರಾದಾಗ ಆ ಕುರ್ಚಿ ನ್ಯಾಯವಾಗಿ ಅಕ್ಕೋರಿಗೆ ಬರಬೇಕಿತ್ತು. ಅವರಿಗಿಂತ ಎಷ್ಟೋ ಚಿಕ್ಕವರೊಬ್ಬರನ್ನು ಕೂರಿಸಿದರು. “ಶಾಲೆಗೆ ಒಂದು ಮುಖ ಅಂತ ಬೇಕಲ್ಲ,” ಎಂದಿದ್ದರಂತೆ ಕಮಿಟಿಯವರು. ನಾನು ಆಗ ಕಾರವಾರದಲ್ಲಿ ಹೊಸದಾಗಿ ವಕೀಲಿ ಶುರು ಮಾಡಿದ್ದೆ. ಕೇಸು ಹಾಕೋಣ ಎಂದು ಹಣಕೋಣಕ್ಕೆ ಓಡಿದೆ. ಅಕ್ಕೋರು ಚಾ ಕೊಟ್ಟು ನಕ್ಕರು. “ಕೋರ್ಟಲ್ಲಿ ಎಂತ ಹೇಳ್ತೆ? ನಮ್ಮಕ್ಕೋರ ಹಲ್ಲಿಗೆ ಅನ್ಯಾಯ ಆಗಿದೆ ಅಂತಾ?” ನನಗೆ ನಗು ಬರಲಿಲ್ಲ. ಅವರೂ ಬೇಗ ನಿಲ್ಲಿಸಿದರು. ಆ ಹೊತ್ತು ಅವರ ಮುಖದಲ್ಲಿ ಕಂಡ ಸುಸ್ತಿಗಾಗಿ ನಾನು ಆ ಜನರನ್ನು ಇವತ್ತಿಗೂ ಕ್ಷಮಿಸಿಲ್ಲ.

ಈ ಸಲದ ಮಳೆಗಾಲ ಮುಗಿಯುವಾಗ ಅವರು ಹೋದರು. ಸ್ವಲ್ಪ ದಿನ ರಜೆ ಹಾಕಿದ್ದರು, ತಿರುಗಿ ಶಾಲೆಗೆ ಬರಲೇ ಇಲ್ಲ. ಹಳೆ ವಿದ್ಯಾರ್ಥಿಗಳ ವಾಟ್ಸಾಪಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಫೋಟೋ ಕೇಳಿದರು. ಅಂದು ಚಾ ಕುಡಿಯುವಾಗ ನಾನೇ ತೆಗೆದ, ಅವರು ಒಸಡು ತೋರಿಸಿ ನಗುತ್ತಿರುವ ಫೋಟೋ ಕಳಿಸಿದೆ. ಫ್ಲೆಕ್ಸ್ ಮಾಡಿದವನು ನಮ್ಮ ಕ್ಲಾಸಿನವನೇ, ನನ್ನ ನಾಟಕದ ಮೂರನೇ ದೂತ.

ಅಂಕೋಲೆಯ ಬಾಳೆಗುಳಿ ಕ್ರಾಸಿನಲ್ಲಿ ಬಸ್ಸಿಗೆ ನಿಂತವಳು ತಲೆಯೆತ್ತಿ ನೋಡಿದರೆ, ಅಲ್ಲಿ ಬೇರೆ ಯಾರೋ ಇದ್ದರು. ಹಾಲಿನ ಬಣ್ಣ, ತಿದ್ದಿದ ಮೂಗು, ಮುಚ್ಚಿದ ತುಟಿ. ಹಲ್ಲು ಎಲ್ಲಿ ಹೋದವೋ. ಹೆಸರು ಮಾತ್ರ ಅಕ್ಕೋರದ್ದು. ನನಗೆ ಮೈಯೆಲ್ಲ ಉರಿದು ಅಲ್ಲಿಂದಲೇ ಅವನಿಗೆ ಫೋನು ಮಾಡಿದೆ.

“ಕೊನೀ ಸಲ ಚೊಲೊ ಕಾಣ್ಲಿ ಅಂದ್ಕಂಡು ಮಾಡ್ದೆ ಮಾರಾಯ್ತಿ,” ಎಂದ. “ರಾತ್ರಿ ಪೂರ್ತಿ ಕೂತು ಮಾಡ್ದೆ. ನಂಗೂ ಅವ್ರು ಅಕ್ಕೋರೇ ಅಲ್ವನೇ?” ಹೆಡ್‌ಮಾಸ್ತರಾಗಿದ್ದರೆ ಬಾಯಿಗೆ ಬಂದಂತೆ ಬೈಯಬಹುದಿತ್ತು. ಆ ಒಂದು ವಾರ ಹಲಗೆಯ ಎದುರು ಕೂತು ಎಲ್ಲ ಕೇಳಿಸಿಕೊಂಡವನೇ, ಅಕ್ಕೋರನ್ನು ಪ್ರೀತಿಸುವವನೇ, ಹೀಗೆ ಮಾಡಿದರೆ ಏನು ಹೇಳುವುದು? ಫೋನಿಟ್ಟೆ.

ಅಷ್ಟರಲ್ಲಿ ಕಾರವಾರದ ಕಡೆಯಿಂದ ಒಂದು ಬಸ್ಸು ಬಂತು. ಬೈತಖೋಲದ ಮೀನಿನವಳು ಇಳಿದು, ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ಆ ಫ್ಲೆಕ್ಸಿನ ನೆರಳಿಗೇ ಬಂದು ನಿಂತಳು. ನಾನು ಅಕ್ಕೋರ ಶಿಷ್ಯೆ ಎಂದು ಅವಳಿಗೆ ಗೊತ್ತು, ಆದರೆ ಓದು ಬಾರದು.

“ಬಾಯ್, ನಿಮ್ಮಕ್ಕೋರು ಬಸ್ಸಿಗೆ ಕಾಣ್ದೆ ಭಾಳ ದಿನ ಆಯ್ತಲ್ಲ. ಹುಷಾರದಾರಾ?” ಎಂದು ಕೇಳಿದಳು.

ನಾನು ಮೇಲೆ ಕೈ ತೋರಿಸಿದೆ. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಆ ಬಿಳಿ ಮುಖವನ್ನು, ಅದಕ್ಕೆ ಹಾಕಿದ ಹೂವಿನ ಹಾರವನ್ನು ಸಾವಕಾಶ ನೋಡಿದಳು.

“ಅಯ್ಯೋ ಪಾಪ, ಯಾರ ಮನೆಯವ್ಳೋ,” ಎಂದಳು. “ನಾ ಕೇಳಿದ್ದು ನಮ್ಮಕ್ಕೋರನ್ನ.”

ಮೊಬೈಲು ತೆಗೆದು ಅವಳಿಗೆ ನನ್ನ ಫೋಟೋ ತೋರಿಸಿದೆ. ಹಲ್ಲು ಕಂಡಿದ್ದೇ ಅವಳ ಮುಖ ಅರಳಿತು. “ಹಾಂ, ಇವ್ರೇ!” ಎಂದಳು. ಆಮೇಲೆ ನನ್ನ ಮುಖ ನೋಡಿದಳು, ಮತ್ತೊಮ್ಮೆ ಮೇಲಿನ ಹಾರ ನೋಡಿದಳು, ಬುಟ್ಟಿ ಕೆಳಗಿಟ್ಟು ಅಲ್ಲೇ ನೆಲಕ್ಕೆ ಕೂತಳು.